ಬಿಟ್ಟಿಯನ್ನು ಹೂತ ಜಾಗ

ಮಾರ್ಚ್ ೩೦, ೧೮೬೫. ಏಳನೆಯ ದಿನ

ಈ ಪುಸ್ತಕ ತೀರಿಕೊಂಡ ನನ್ನ ಹೆಂಡತಿ ಯೆವ್ದೋಖಾಳದು. ಅರ್ಧ ಬರೆದಿದ್ದಾಳೆ, ಅರ್ಧ ಖಾಲಿ ಇದೆ. ಒಲೆಗೆ ಹಾಕಲು ಮನಸ್ಸಾಗಲಿಲ್ಲ, ಮಗಳಿಗೆ ಕೊಡಲೂ ಮನಸ್ಸಾಗಲಿಲ್ಲ. ಹೀಗಾಗಿ ನಾನೇ ಬರೆಯಲು ಕೂತಿದ್ದೇನೆ.

ನನಗೆ ಅಕ್ಷರ ಕಲಿಸಿದವಳು ಅವಳೇ. ಅವಳ ತಂದೆ ಇಗರ್ಜಿಯಲ್ಲಿ ಕೀರ್ತನೆ ಹಾಡುತ್ತಿದ್ದವರು. ಆ ಮನೆಯಲ್ಲಿ ಓದು ಬರಹ ಇತ್ತು. ಮದುವೆಯಾದ ಮೊದಲ ಚಳಿಗಾಲದಲ್ಲಿ ರೊಟ್ಟಿ ಹಲಗೆಯ ಮೇಲೆ ಹಿಟ್ಟು ಹರಡಿ, ಬೆರಳಿನಿಂದ ಅಕ್ಷರ ಬರೆದು ತೋರಿಸುತ್ತಿದ್ದಳು. ನಾನು ತಪ್ಪಿದರೆ ಅಂಗೈಯಿಂದ ಒರೆಸಿಬಿಡುತ್ತಿದ್ದಳು. "ನೋಡು, ಹಿಟ್ಟಲ್ಲಿ ಬರೆದ್ರೆ ಇದೊಂದು ಅನುಕೂಲ. ನಿನ್ನ ತಪ್ಪನ್ನ ಸಾಯಂಕಾಲ ನಾವೇ ತಿಂದ್ಬಿಡ್ಬಹುದು" ಎಂದು ನಗುತ್ತಿದ್ದಳು.

ಅವಳು ಬರೆದಿರುವುದು ದಿನಕ್ಕೆ ಒಂದೇ ಸಾಲು. "ಮಂಜು. ಲಿಸ್ಕಾ ಹಾಲು ಕಡಿಮೆ ಕೊಟ್ಟಳು." "ಗಾಳಿ. ಓರಿನಾಗೆ ಹಲ್ಲುನೋವು." ಲಿಸ್ಕಾ ನಮ್ಮ ಹಸು, ಓರಿನಾ ಮಗಳು. ನಾನು ಊರಿನ ಪ್ರತಿನಿಧಿಯಾಗಿ ಪ್ರಾಂತ್ಯ ಸಭೆಗೆಂದು ಲ್ವಿವ್ ಪಟ್ಟಣದಲ್ಲಿದ್ದ ದಿನಗಳಲ್ಲಿ ಸಾಲಿನ ಕೊನೆಗೆ ಇನ್ನೊಂದು ಮಾತಿದೆ: "ಪ್ರೋಕಿಪ್ ಬಂದಿಲ್ಲ." ಸಭೆ ಮುಗಿಯುವವರೆಗೂ ಪ್ರತಿದಿನ.

ಏಪ್ರಿಲ್ ೧. ಒಂಬತ್ತನೆಯ ದಿನ

ಇಗರ್ಜಿಯಲ್ಲಿ ಒಂಬತ್ತನೆಯ ದಿನದ ಪ್ರಾರ್ಥನೆ ಆಯಿತು. ಹೊರಗೆ ಬರುತ್ತಿದ್ದಂತೆ ಊರಿನ ಮುಖ್ಯಸ್ಥ ಲೆಸ್ಕೋ ಟೋಪಿ ತೆಗೆದು ನಿಂತ. ಅವನ ಕೈಯಲ್ಲಿ ಕಾಗದವಿತ್ತು.

"ಇವತ್ತು ಕೊಡಬಾರ್ದಿತ್ತು, ಪ್ರೋಕಿಪಣ್ಣ. ಆದ್ರೆ ನಿನ್ನ ಬಿಟ್ರೆ ಓದೋಕೆ ಪಾದ್ರಿಗಳೊಬ್ರೇ. ಅವ್ರು ಓದಿದ್ರೆ ಪ್ರಾರ್ಥನೆ ತರಾನೇ ಕೇಳುತ್ತೆ."

ಓದಿದೆ. ಮೇ ಐದಕ್ಕೆ ಸರ್ಕಾರದ ಆಯೋಗ ಊರಿಗೆ ಬರುತ್ತದೆ. ಓಲ್ಶಿನಾ ಹುಲ್ಲುಗಾವಲು ಊರಿನದೋ ಧಣಿಯದೋ ಎಂದು ಅಂದೇ ತೀರ್ಮಾನ. ಊರಿನವರು ದಾಖಲೆ ತೋರಿಸಬೇಕು. ಇಲ್ಲದಿದ್ದರೆ ಧಣಿಯದು. ಇದೇ ಕೊನೆಯ ವಿಚಾರಣೆ.

ಓಲ್ಶಿನಾ ಹೋದರೆ ಊರಲ್ಲಿ ದನ ಸಾಕುವಂತಿಲ್ಲ. ಅಷ್ಟೇ ಸರಳ.

"ದಾಖಲೆ ಎಲ್ಲಿದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು" ಎಂದ ಲೆಸ್ಕೋ.

"ಗೊತ್ತಿದ್ರೆ?"

"ಏನಿಲ್ಲ. ನಾನಂತೂ ಸಲಿಕೆ ಹಿಡಿಯಲ್ಲಪ್ಪ. ಮನೇಲಿ ನಾಲ್ಕು ಮಕ್ಕಳು."

ಏಪ್ರಿಲ್ ೪. ಹನ್ನೆರಡನೆಯ ದಿನ. ಈಸ್ಟರ್

ಓರಿನಾ ತನ್ನ ಗಂಡನ ಮನೆಯಿಂದ ಹಬ್ಬದ ರೊಟ್ಟಿ ತಂದಳು. ಚೆನ್ನಾಗಿ ಉಬ್ಬಿತ್ತು. ನಾನು ಒಂದು ಚೂರು ತಿಂದು, ಉಳಿದದ್ದನ್ನು ಯೆವ್ದೋಖಾಳ ಕಸೂತಿ ಬಟ್ಟೆಯಲ್ಲಿ ಸುತ್ತಿಟ್ಟೆ. ಆ ಬಟ್ಟೆಯ ಅಂಚಿಗೆ ಕೆಂಪು ದಾರದಲ್ಲಿ ಸಾಲಾಗಿ ಹುಂಜಗಳು. ಪ್ರತಿ ಸಾಲಿನಲ್ಲೂ ಒಂದು ಹುಂಜ ಹಿಂದಕ್ಕೆ ತಿರುಗಿ ನೋಡುತ್ತಿರುತ್ತದೆ. ಅದು ಅವಳ ಗುರುತು. ಯಾಕೆ ಎಂದರೆ, "ಎಲ್ಲಾ ಮುಂದೇನೇ ನೋಡಿದ್ರೆ ಹಿಂದೆ ಬರೋ ನರೀನ ನೋಡೋರು ಯಾರು?" ಎನ್ನುತ್ತಿದ್ದಳು.

ಅವಳನ್ನು ಮೊದಲು ನೋಡಿದ ದಿನ ಅವಳ ಕೈಯಲ್ಲಿ ಅಂಥದೇ ಬಟ್ಟೆಯಿತ್ತು. ಹದಿನೇಳು ವರ್ಷದ ಹಿಂದೆ, ಮೇ ಮೂರು, ಬಿಟ್ಟಿ ಚಾಕರಿ ಹೋದ ದಿನ. ವಾರಕ್ಕೆ ಮೂರು ದಿನ ಧಣಿಯ ಹೊಲದಲ್ಲಿ ದುಡಿಯಬೇಕಾಗಿಲ್ಲ ಎಂದು ಚಕ್ರವರ್ತಿಯ ಆಜ್ಞೆಯನ್ನು ಪಾದ್ರಿಗಳು ಓದಿ ಹೇಳಿದಾಗ ನಾವು ಮೊದಲು ನಂಬಲೇ ಇಲ್ಲ. ಆಮೇಲೆ ಕುಣಿದೆವು. ಆಮೇಲೆ ಬಿಟ್ಟಿಯನ್ನು ಮಣ್ಣು ಮಾಡಿದೆವು. ಸುತ್ತಲಿನ ಊರುಗಳಲ್ಲೆಲ್ಲ ಹಾಗೇ ಮಾಡಿದರು. ಊರ ಪೆಟ್ಟಿಗೆಯಲ್ಲಿದ್ದ ಬಿಟ್ಟಿಯ ಪಟ್ಟಿಗಳನ್ನು, ಮೊಹರು ಇದ್ದ ಕಾಗದವನ್ನೆಲ್ಲ, ಒಂದನ್ನೂ ಬಿಡದೆ ಶವಪೆಟ್ಟಿಗೆಯಂಥ ಪೆಟ್ಟಿಗೆಗೆ ತುಂಬಿ, ಅಳುವ ಹೆಂಗಸರನ್ನು ಮುಂದಿಟ್ಟುಕೊಂಡು, ದಾರಿ ಕೂಡುವಲ್ಲಿ ಗುಂಡಿ ತೋಡಿ ಹೂತೆವು. ಮೇಲೆ ಓಕ್ ಮರದ ಶಿಲುಬೆ ನೆಟ್ಟೆವು. ಬಿಟ್ಟಿ ಕಾಗದದಲ್ಲೇ ಇರುತ್ತದೆ, ಕಾಗದ ಮಣ್ಣಾದರೆ ಬಿಟ್ಟಿಯೂ ಮಣ್ಣಾಗುತ್ತದೆ ಎಂದು ನಮ್ಮ ಲೆಕ್ಕ.

ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತವನು ನಾನು. ಮುಚ್ಚಳ ಹಾಕುವ ಮೊದಲು ಹದಿನಾರರ ಹುಡುಗಿಯೊಬ್ಬಳು ಓಡಿಬಂದಳು. "ತಾಳಿ, ತಾಳಿ" ಎನ್ನುತ್ತ ಬಟ್ಟೆಯ ಗಂಟೊಂದನ್ನು ಒಳಗಿಟ್ಟಳು. ಬಿಟ್ಟಿಯ ಹೆಣಕ್ಕೆ ಬಟ್ಟೆ ಹೊದಿಸಿದಳು ಎಂದು ಎಲ್ಲರೂ ನಕ್ಕರು. ಆ ಚಳಿಗಾಲದಲ್ಲೇ ನಮ್ಮ ಮದುವೆಯಾಯಿತು.

ಅದು ಬಟ್ಟೆಯಷ್ಟೇ ಅಲ್ಲ ಎಂದು ಅವಳು ನನಗೆ ಹೇಳಿದ್ದು ಮದುವೆಯಾದ ಮೇಲೆ. ಕಾಗದಗಳಲ್ಲಿ ಒಂದರ ಮೇಲೆ 'ಓಲ್ಶಿನಾ' ಎಂಬ ಹೆಸರು ಅವಳ ಕಣ್ಣಿಗೆ ಬಿದ್ದಿತ್ತಂತೆ. ಇದು ಬಿಟ್ಟಿಯದಲ್ಲ, ನಮ್ಮದು ಎಂದು ತಂದೆಗೆ ಹೇಳಿದಳಂತೆ. "ಸುಮ್ನಿರು, ಜನ ಕುಡಿದಿದಾರೆ" ಎಂದರಂತೆ ಅವರು. ಮನೆಯಲ್ಲಿಟ್ಟುಕೊಂಡರೆ ಜನ ಬಿಡುವುದಿಲ್ಲವೆಂದು, ಇಗರ್ಜಿಯ ಮೇಣ ಕರಗಿಸಿ ಬಟ್ಟೆಗೆ ಬಳಿದು, ಆ ಕಾಗದವನ್ನು ಮಾತ್ರ ಅದರಲ್ಲಿ ಸುತ್ತಿ ಇಟ್ಟಳು. ಬೀಜ ಇಟ್ಟ ಹಾಗೆ.

ಏಪ್ರಿಲ್ ೧೧. ಹತ್ತೊಂಬತ್ತನೆಯ ದಿನ

ಹಾಗಾದರೆ ಇಷ್ಟು ದಿನ ಯಾಕೆ ತೆಗೆಯಲಿಲ್ಲ? ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ನಾಲ್ಕು ವರ್ಷದ ಹಿಂದೆ ಪ್ರಾಂತ್ಯ ಸಭೆಗೆ ಮೊದಲ ಚುನಾವಣೆ. ಊರೂರಿನಿಂದ ಆಯ್ದ ಮತದಾರರು ಜಿಲ್ಲೆಯ ಪಟ್ಟಣದಲ್ಲಿ ಸೇರಿ, ಅಧಿಕಾರಿಯ ಮುಂದೆ ನಿಂತು, ತಮಗೆ ಬೇಕಾದವನ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ನನಗೆ ಎದುರಾಗಿ ನಿಂತವನು ಧಣಿಯ ಪಾರುಪತ್ಯಗಾರ. ಅವನಿಗೆ ಮಾತು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ. ಗಾಡಿಯ ಮೇಲೆ ಕೂತು ಹೋಗುವಾಗ ಒಂದು ಮಾತು ಕಟ್ಟಿದೆ. ಅಲ್ಲಿ ಎದ್ದು ನಿಂತು ಕೂಗಿದೆ: "ನಮ್ಮೂರಲ್ಲಿ ಬಿಟ್ಟೀನ ಹೂತಿದೀವಿ. ಅಲ್ಲಿ ಅಗೆದವನ ಮಕ್ಕಳು ಮತ್ತೆ ಬಿಟ್ಟಿಗೆ ಹೋಗ್ಲಿ! ಯಾರು ಏನೇ ಹೇಳ್ಲಿ, ಯಾವ ಕಾಗದಕ್ಕೂ ಲೇಖನಿ ಮುಟ್ಟಬೇಡಿ!"

ಅಕ್ಷರ ಬಾರದವರು ಗುಮಾಸ್ತ ಹಿಡಿದ ಲೇಖನಿಯನ್ನು ಮುಟ್ಟುತ್ತಾರೆ, ಅವನು ಅವರ ಪರವಾಗಿ ಶಿಲುಬೆ ಗುರುತು ಹಾಕುತ್ತಾನೆ. ಆ ಮುಟ್ಟುವಿಕೆಯಿಂದಲೇ ಬಿಟ್ಟಿ ವಾಪಸ್ ಬರುತ್ತದೆ ಎಂಬ ಭಯ ಜನರಲ್ಲಿ ಮೊದಲೇ ಇತ್ತು. ನಾನು ಆ ಭಯಕ್ಕೆ ಶಾಪ ಸೇರಿಸಿದೆ. ಟೋಪಿಗಳು ಹಾರಿದವು. ನನ್ನ ಹೆಸರನ್ನು ಒಬ್ಬರಾದ ಮೇಲೊಬ್ಬರು ಕೂಗಿದರು.

ಮನೆಗೆ ಬಂದು ಯೆವ್ದೋಖಾಳಿಗೆ ಹೇಳಿದೆ. ಅವಳು ಹಾಲು ಕರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮಾತು ಚೆನ್ನಾಗಿದೆ" ಎಂದಳು. "ಈಗ ಓಲ್ಶಿನಾನ ಎರಡನೇ ಸಲ ಹೂತೆ."

ಪ್ರತಿ ವರ್ಷ ಮೇ ಮೂರಕ್ಕೆ ಶಿಲುಬೆಯ ಮುಂದೆ ನಿಂತು ಅದೇ ಮಾತು ಹೇಳಿದೆ. ಜನ ಕೇಳಿದರು, ಹೇಳಿದೆ. ಈಗ ತಾಯಂದಿರು ಮಕ್ಕಳನ್ನು ಆ ಮಾತು ಹೇಳಿ ಹೆದರಿಸುತ್ತಾರೆ. ಅಗೆಯೋಣ ಎಂದು ಅವಳು ಹೇಳಿದಾಗಲೆಲ್ಲ, ಮುಂದಿನ ಸಭೆ ಆಗಲಿ, ಮುಂದಿನ ವರ್ಷ ನೋಡೋಣ ಎಂದೆ.

ಏಪ್ರಿಲ್ ೧೩. ಇಪ್ಪತ್ತೊಂದನೆಯ ದಿನ

ಬೂಟಿಗೆ ಟಾರು ಬಳಿದೆ. ಅವಳು ಬಳಿದಂತೆ ಆಗಲಿಲ್ಲ.

ಮೊದಲ ಸಲ ಲ್ವಿವ್‌ಗೆ ಹೊರಟಾಗ ಅವಳೇ ಬಳಿದು ಕೊಟ್ಟಿದ್ದಳು. ಸಭೆಯಲ್ಲಿ ದೊಡ್ಡ ಮನುಷ್ಯರು ಮೂಗಿಗೆ ಕರವಸ್ತ್ರ ಹಿಡಿದರು. ಅಲ್ಲಿದ್ದಷ್ಟು ದಿನ ನಾನು ಎದ್ದು ಮಾತಾಡಿದ್ದು ಒಂದೇ ಸಲ. ಅವಳು ಹಿಟ್ಟಿನ ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದ ಒಂದೇ ವಾಕ್ಯ: "ನಮ್ಮ ಕಾಡು, ನಮ್ಮ ಹುಲ್ಲುಗಾವಲು ನಮಗೆ ಯಾವಾಗ ಬರುತ್ತದೆ?" ಯಾರೂ ಉತ್ತರ ಹೇಳಲಿಲ್ಲ. ನಾನು ಕೂತೆ. ಊರಿಗೆ ಬಂದು ಬೂಟಿನ ವಾಸನೆಯ ವಿಷಯ ಹೇಳಿದಾಗ ಅವಳು, "ಒಳ್ಳೇದಾಯ್ತು. ನೀನು ಕೂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ ಅಂತಾಯ್ತು" ಎಂದಳು.

ಏಪ್ರಿಲ್ ೧೯. ಇಪ್ಪತ್ತೇಳನೆಯ ದಿನ

ಓರಿನಾ ಬಂದಿದ್ದಳು. ಕೂರಲಿಲ್ಲ. ಹೊಟ್ಟೆ ಈಗ ಚೆನ್ನಾಗಿ ಕಾಣುತ್ತದೆ.

"ಅಪ್ಪಾ, ನೀನು ಶಿಲುಬೆ ಕೆಳಗೆ ಅಗೀತೀಯ ಅಂತ ಊರೆಲ್ಲಾ ಮಾತು. ಹೌದಾ?"

"ಯೋಚ್ನೆ ಮಾಡ್ತಿದೀನಿ."

"ಅಗೆದವನ ಮಕ್ಕಳು ಅಂದ್ರೆ ಯಾರು? ನಾನು. ಇದು." ಹೊಟ್ಟೆಯ ಮೇಲೆ ಕೈಯಿಟ್ಟಳು. "ನಮ್ಮತ್ತೆ ನಿನ್ನೆಯಿಂದ ನನ್ನ ಜೊತೆ ಮಾತಾಡ್ತಿಲ್ಲ."

"ಆ ಮಾತು ನಾನೇ ಕಟ್ಟಿದ್ದು ಕಣೇ. ಗಾಡಿ ಮೇಲೆ ಕೂತು."

"ನೀನು ಹೇಳ್ಕೊಟ್ಟಿದ್ದನ್ನೇ ಕೇಳ್ಕೊಂಡು ನಾನು ಬೆಳೆದಿದ್ದು. ಈಗ ಸುಳ್ಳು ಅಂದ್ರೆ ಭಯ ಹೋಗ್ಬಿಡುತ್ತಾ?" ಬಾಗಿಲವರೆಗೂ ಹೋಗಿ ತಿರುಗಿದಳು. "ಅಮ್ಮ ಹೇಳಿದಾಗಲೇ ಅಗೀಬೇಕಿತ್ತು. ಅವಾಗ ನಂಗೆ ಮಗು ಇರ್ಲಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆಯೋಗಕ್ಕೆ ಹೋಗಿ ದಾಖಲೆ ಸಿಗಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಯಾರೂ ನನ್ನನ್ನು ಬೈಯುವುದಿಲ್ಲ. ಮುಂದಿನ ಚುನಾವಣೆಯಲ್ಲೂ ಗೆಲ್ಲುತ್ತೇನೆ.

ಏಪ್ರಿಲ್ ೨೩. ಮೂವತ್ತೊಂದನೆಯ ದಿನ. ಸಂತ ಯೂರಿಯ ಹಬ್ಬ

ಇಂದು ದನಗಳನ್ನು ಮೊದಲ ಸಲ ಹುಲ್ಲಿಗೆ ಬಿಡುವ ದಿನ. ಪ್ರತಿ ವರ್ಷ ಯೆವ್ದೋಖಾ ಇಗರ್ಜಿಯಲ್ಲಿ ಮಂತ್ರಿಸಿದ ವಿಲೋ ಕಡ್ಡಿ ಹಿಡಿದು ಲಿಸ್ಕಾಳನ್ನು ಹೊರಡಿಸುತ್ತಿದ್ದಳು. ಹೊಡೆಯುತ್ತಿರಲಿಲ್ಲ, ಬೆನ್ನಿಗೆ ತಾಗಿಸುತ್ತಿದ್ದಳು ಅಷ್ಟೆ. ಈ ಸಲ ನಾನು ಹೊರಡಿಸಿದೆ. ಲಿಸ್ಕಾ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ಒಳಗಿನಿಂದ ಇನ್ನೊಬ್ಬರು ಬರುವವರೆಗೂ ಕಾಯುತ್ತಾಳೇನೋ ಎಂಬಂತೆ. ನಾನೂ ಸ್ವಲ್ಪ ಹೊತ್ತು ಅವಳ ಜೊತೆ ನಿಂತೆ.

ಓಲ್ಶಿನಾದಲ್ಲಿ ಹುಲ್ಲು ಇನ್ನೂ ಗಿಡ್ಡ. ತೊರೆಯ ಪಕ್ಕ ಮದುವೆಗೆ ಮುಂಚೆ ನಾವು ಕೂರುತ್ತಿದ್ದ ಮರ ಬಿದ್ದಿದೆ, ಆದರೆ ಬುಡದಿಂದ ಚಿಗುರಿದೆ. ಅಲ್ಲಿ ಹೆಚ್ಚು ಹೊತ್ತು ಇದ್ದೆ.

ಮನೆಗೆ ಬಂದು ಪುಸ್ತಕದಲ್ಲಿ ಅವಳ ಕೊನೆಯ ಪುಟಗಳನ್ನು ಓದಿದೆ. ಈ ವರ್ಷದ ಫೆಬ್ರವರಿ. "ಹಿಮ. ಎದೆನೋವು. ಪ್ರೋಕಿಪ್ ಬಂದಿಲ್ಲ." "ಹಿಮ. ಎದ್ದು ಕೂತೆ. ಪ್ರೋಕಿಪ್ ಬಂದಿಲ್ಲ." ಹೀಗೆ ಹನ್ನೊಂದು ದಿನ. ಆಗ ಲ್ವಿವ್‌ನಲ್ಲಿ ಸಭೆಯೇ ಇರಲಿಲ್ಲ. ನಾನು ಮನೆಯಲ್ಲೇ ಇದ್ದೆ. ಹಗಲು ಮತದಾರರ ಜೊತೆ ಊರೂರು ತಿರುಗುತ್ತಿದ್ದೆ, ನಿಜ, ಆದರೆ ಮಲಗುವ ಹೊತ್ತಿಗೆ ತಪ್ಪದೆ ಮನೆಗೆ ಬರುತ್ತಿದ್ದೆ. ಜ್ವರದಲ್ಲಿ ತಪ್ಪು ತಿಳಿದಿರಬೇಕು.

ಏಪ್ರಿಲ್ ೨೫. ಮೂವತ್ತಮೂರನೆಯ ದಿನ

ಜ್ವರವಲ್ಲ. ಮಲಗಲು ಬರುವುದು ಬರುವುದಲ್ಲ.

ಮೇ ೨. ನಲವತ್ತನೆಯ ದಿನ

ನಲವತ್ತನೆಯ ದಿನದ ಪ್ರಾರ್ಥನೆ. ಬೇಯಿಸಿದ ಗೋಧಿಗೆ ಜೇನು ಬೆರೆಸಿ ಎಲ್ಲರಿಗೂ ಕೊಟ್ಟೆವು. ಅವಳು ಮನೆಯನ್ನು ಪೂರ್ತಿಯಾಗಿ ಬಿಟ್ಟುಹೋಗುವುದು ಇಂದೇ ಎನ್ನುತ್ತಾರೆ. ಕಿಟಕಿ ತೆರೆದಿಟ್ಟೆ.

ಎಲ್ಲರೂ ಹೋದ ಮೇಲೆ ಸಲಿಕೆಯ ಬಾಯಿಯನ್ನು ಕಲ್ಲಿಗೆ ಮಸೆದೆ.

ಮೇ ೩

ಪ್ರತಿ ವರ್ಷದಂತೆ ಇಗರ್ಜಿಯಿಂದ ಬಾವುಟ ಹಿಡಿದು ಹೊರಟೆವು. ಶಿಲುಬೆಯ ಮುಂದೆ ಪಾದ್ರಿಗಳು ಪ್ರಾರ್ಥಿಸಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಸಲಿಕೆ ಇದ್ದುದನ್ನು ಆಗಲೇ ನೋಡಿದ್ದರು.

"ಆ ಶಾಪ ದೇವರದಲ್ಲ, ಹಿರಿಯರದಲ್ಲ" ಎಂದೆ. "ಓಟು ಬೇಕು ಅಂತ ಗಾಡಿ ಮೇಲೆ ಕೂತು ನಾನೇ ಕಟ್ಟಿದ್ದು. ಲೇಖನಿ ಮುಟ್ಟಬೇಡಿ ಅಂದಿದ್ದೂ ತಪ್ಪು. ಓಲ್ಶಿನಾ ಕಾಗದ ಇದರ ಕೆಳಗಿದೆ. ಕೊಳೀಬಾರ್ದು ಅಂತ ನನ್ನ ಹೆಂಡತಿ ಮೇಣದ ಬಟ್ಟೇಲಿ ಸುತ್ತಿ ಇಟ್ಟಿದ್ದು. ಮದುವೆಯಾದಾಗಿನಿಂದ ನಂಗೆ ಗೊತ್ತಿತ್ತು."

ಚಕ್ಕಡಿ ಮಾಡುವ ತಿಮ್ಕೋ ಬಾಯಿಬಿಟ್ಟ. ಅವನು ಬಾಯಿಬಿಡದೆ ಊರಲ್ಲಿ ಯಾವ ಕೆಲಸವೂ ಆಗುವುದಿಲ್ಲ.

"ಇನ್ನೇನೇನು ತಪ್ಪಿದೆ, ಪ್ರತಿನಿಧಿ ಸಾಹೇಬ್ರೇ? ಒಂದೇ ಸಲ ಹೇಳ್ಬಿಡಿ, ಊಟದ ಹೊತ್ತಾಯ್ತು."

ಕೆಲವರು ನಕ್ಕರು.

"ಕಟ್ಟಿದ್ದು ಯಾರಾದ್ರೇನು?" ಎಂದ ತಿಮ್ಕೋ. ಈಗ ಅವನು ನಗುತ್ತಿರಲಿಲ್ಲ. "ಕೊಡ್ಲಿ ಯಾರು ಮಾಡಿದ್ರೂ ಕಡಿಯುತ್ತೆ. ನಾಲ್ಕು ವರ್ಷ ಊರೆಲ್ಲಾ ಸೇರಿ ಹೇಳಿದ ಮಾತು ಇವತ್ತು ನಿನ್ನೊಬ್ಬನದು ಆಗಲ್ಲ."

ನಾನು ಸಲಿಕೆ ಊರಿದೆ. ಹೆಂಗಸರ ಸಾಲಿನಲ್ಲಿ ಓರಿನಾ ನಿಂತಿದ್ದಳು, ಎರಡೂ ಕೈ ಹೊಟ್ಟೆಯ ಮೇಲೆ. ನನ್ನ ಕಡೆ ನೋಡುತ್ತಿರಲಿಲ್ಲ, ಸಲಿಕೆಯ ಕಡೆ ನೋಡುತ್ತಿದ್ದಳು. ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ನನ್ನ ಕಾಲು ಸಲಿಕೆಯನ್ನು ತುಳಿಯಲಿಲ್ಲ.

ಆಗ ಫೆಸ್ಕಾ ಅಜ್ಜಿ ಬಂದಳು. ಕಾಲರಾ ವರ್ಷದಲ್ಲಿ ಒಂದೇ ವಾರದಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡವಳು. ಅವಳಿಗೆ ಬೇರೆ ಯಾರೂ ಇಲ್ಲ, ಒಂದು ಮೇಕೆ ಇದೆ.

"ಕೊಡು ಇಲ್ಲಿ" ಎಂದಳು.

"ಬೇಡ ಅಜ್ಜಿ."

"ಕೊಡೋ. ನನ್ನ ಮಕ್ಕಳನ್ನ ಯಾವ ಧಣಿ ಬಿಟ್ಟಿಗೆ ಕರೀತಾನೆ ನೋಡೋಣ. ಕರೆದ್ರೆ ನಂಗೂ ಹೇಳ್ಕಳ್ಸಿ, ನೋಡಿ ಬಹಳ ದಿನ ಆಯ್ತು."

ಅವಳಿಗೆ ಬಲವಿರಲಿಲ್ಲ. ಹುಲ್ಲಿನ ಒಂದು ಹೆಂಟೆ ಎದ್ದಿತು, ಅಷ್ಟೆ. ಅದನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಸುತ್ತ ನೋಡಿದಳು. "ಆಯ್ತಲ್ಲ. ಅಗೆದವಳು ನಾನು. ನೀವೇನು ನಿಂತಿದೀರಾ?"

ಎಲ್ಲರೂ ತಿಮ್ಕೋನ ಕಡೆ ನೋಡಿದರು. ಅವನು ಮೀಸೆ ಸವರಿಕೊಂಡು ಯೋಚಿಸಿದ.

"ಶಾಪ ಅಗೆದವರಿಗೆ" ಎಂದ ಕೊನೆಗೆ. "ಅಗೆದಿದ್ದು ಅಜ್ಜಿ. ಆಮೇಲೆ ಬರೋರು ಬರೀ ಮಣ್ಣು ತೆಗೆಯೋರು. ಮಣ್ಣು ತೆಗೆಯೋಕೆ ಶಾಪ ಇಲ್ಲ." ಪಾದ್ರಿಗಳನ್ನು ಕೇಳಿದ: "ಅಲ್ವಾ ಸ್ವಾಮಿ?" ಪಾದ್ರಿಗಳು ಕೆಮ್ಮಿದರು. ತಿಮ್ಕೋ ಅಂಗಿಯ ತೋಳು ಮಡಿಸಿದ.

ನಾನೂ ತೆಗೆದೆ. ಲೆಸ್ಕೋ ಕೂಡ.

ಪೆಟ್ಟಿಗೆಯ ಮುಚ್ಚಳ ಕೈಯಲ್ಲೇ ಪುಡಿಯಾಯಿತು. ಒಳಗಿನ ಕಾಗದಗಳೆಲ್ಲ ಕಪ್ಪು ಕೆಸರು. ಹೆಂಗಸೊಬ್ಬಳು ಅಳಲು ಶುರು ಮಾಡಿದಳು. ನಾನು ತೋಳಿನವರೆಗೂ ಕೈ ಹಾಕಿದೆ. ತಳದಲ್ಲಿ ಗಟ್ಟಿಯಾದದ್ದು ಸಿಕ್ಕಿತು. ಎತ್ತಿ ನನ್ನ ಅಂಗಿಯಲ್ಲೇ ಒರೆಸಿದೆ. ಮೇಣ ಹಳದಿಯಾಗಿತ್ತು. ಅದರ ಕೆಳಗೆ ಕೆಂಪು ದಾರ, ಸಾಲಾಗಿ ಹುಂಜಗಳು, ಒಂದು ಹಿಂದಕ್ಕೆ ನೋಡುತ್ತಿತ್ತು.

ಓರಿನಾ ಸಾಲು ಬಿಟ್ಟು ಬಂದಳು. ಅವಳ ಅತ್ತೆ ತೋಳು ಹಿಡಿದು ಎಳೆದರೂ ನಿಲ್ಲಲಿಲ್ಲ. "ಕೊಡಪ್ಪ, ನೀನು ಹರಿದ್ಬಿಡ್ತೀಯ" ಎಂದಳು. ಗುಂಡಿಯ ಅಂಚಿನಲ್ಲಿ ಕೂತು, ಉಗುರಿನಿಂದ ಮೇಣ ಬಿಡಿಸಿ, ಮಡಿಕೆ ಮಡಿಕೆಯಾಗಿ ಬಿಚ್ಚಿದಳು. ಒಳಗೆ ತೊಗಲಿನ ಹಾಳೆ, ಒಂದು ಮೊಹರು. ಪಾದ್ರಿಗಳು ಬಗ್ಗಿ ನೋಡಿ ಒಂದೇ ಪದ ಓದಿದರು. ಅದು ಸಾಕಾಗಿತ್ತು.

ಕಪ್ಪು ಕೆಸರನ್ನು ಮತ್ತೆ ಗುಂಡಿಗೆ ಹಾಕಿ ಮುಚ್ಚಿದೆವು. ಪಾದ್ರಿಗಳು ಇನ್ನೊಂದು ಸಲ ಪ್ರಾರ್ಥಿಸಬೇಕೆಂದು ತಿಮ್ಕೋ ಹಟ ಹಿಡಿದ. ಮೇಲಿನ ಹುಲ್ಲಿನ ಹೆಂಟೆಯನ್ನು ಫೆಸ್ಕಾ ಅಜ್ಜಿಯೇ ಇಟ್ಟು ಕಾಲಿನಿಂದ ಒತ್ತಿದಳು.

ಮೇ ೫

ಆಯೋಗದವರು ಮೂವರು. ತೊಗಲಿನ ಹಾಳೆಯನ್ನು ಬೆಳಕಿಗೆ ಹಿಡಿದು, ಮೊಹರನ್ನು ಭೂತಗನ್ನಡಿಯಲ್ಲಿ ನೋಡಿ, ಬಹಳ ಹೊತ್ತು ತಮ್ಮಲ್ಲೇ ಮಾತಾಡಿದರು. ಈಗಿನ ಧಣಿಯ ಮುತ್ತಜ್ಜ ಊರಿಗೆ ಬರೆದುಕೊಟ್ಟದ್ದು. ಹುಲ್ಲುಗಾವಲಿನ ಮಾತು ಸ್ಪಷ್ಟವಿದೆ. ಕಾಡಿನ ಮಾತಿಲ್ಲ. ಓಲ್ಶಿನಾ ಊರಿಗೆ, ಕಾಡು ಧಣಿಗೆ.

ಆಮೇಲೆ ಸಹಿ. ಗುಮಾಸ್ತ ಲೇಖನಿ ಚಾಚಿದ. ಯಾರೂ ಮುಂದೆ ಬರಲಿಲ್ಲ. ನಾನು ಮೊದಲು ಹೋಗಿ ಹೆಸರು ಪೂರ್ತಿ ಬರೆದೆ. ನಿಧಾನವಾಗಿ ಬರೆದೆ, ಎಲ್ಲರಿಗೂ ಕಾಣಲಿ ಎಂದು. ನನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಲೆಸ್ಕೋ ಬಂದ. ಆಮೇಲೆ ಒಬ್ಬೊಬ್ಬರಾಗಿ. ತಿಮ್ಕೋ ಕಾದ ಒಲೆ ಮುಟ್ಟುವಂತೆ ಒಂದೇ ಬೆರಳು ತಾಗಿಸಿ ಕೈ ಎಳೆದುಕೊಂಡ.

ಹೊರಗೆ ಬಂದ ಮೇಲೆ ನನ್ನ ಪಕ್ಕ ನಡೆದ.

"ಮುಂದಿನ ಸಲ ನಾವು ಲೆಸ್ಕೋ ಹೆಸ್ರು ಕೂಗ್ತೀವಿ, ಪ್ರೋಕಿಪಣ್ಣ. ಸಿಟ್ಟೇನಿಲ್ಲ. ಆದ್ರೆ ಇನ್ಮೇಲೆ ನೀನೇನು ಹೇಳಿದ್ರೂ, ಇದು ನಿಜಾನೋ, ವಾಪಸ್ ತಗೊಳ್ಳೋ ಮಾತೋ ಅಂತ ನಾಲ್ಕು ವರ್ಷ ಕಾಯ್ಬೇಕಾಗುತ್ತೆ."

"ಲೆಸ್ಕೋಗೆ ಓದೋಕೆ ಬರಲ್ವಲ್ಲ."

"ಅದೇ ಒಳ್ಳೇದು. ಕಾಗದ ಬಂದ್ರೆ ನಿನ್ನ ಹತ್ರ ಓದಿಸ್ಕೊಂಡು ಬರ್ತಾನೆ."

ನಾನು ನಕ್ಕೆ. ಯಾವಾಗಿನಿಂದ ನಕ್ಕಿರಲಿಲ್ಲವೋ ನೆನಪಿಲ್ಲ.

ಮೇ ೧೪

ಮೋಡ. ಬೂಟು ತೊಳೆದು ಅಟ್ಟಕ್ಕೆ ಹಾಕಿದೆ. ಸಭೆಯ ಬಗ್ಗೆ ಮಾತಾಡಬೇಕೆಂದು ಪಕ್ಕದೂರಿನವರು ಕರೆದಿದ್ದರು. ಹಸು ಕಾಯುವವರಿಲ್ಲ ಎಂದು ಹೇಳಿ ಕಳಿಸಿದೆ.

ಜೂನ್ ೨

ಗಾಳಿ. ರೊಟ್ಟಿ ಹಲಗೆ ಒಡೆದಿತ್ತು, ಸರಿಮಾಡಿದೆ. ಓರಿನಾಳ ಅತ್ತೆ ಮೊಸರು ಕಳಿಸಿದ್ದಾರೆ.

ಜೂನ್ ೨೪

ಬೆಳಿಗ್ಗೆ ಸಣ್ಣ ಮಳೆ, ಆಮೇಲೆ ಬಿಸಿಲು. ಓರಿನಾಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ಓಲ್ಶಿನಾದಲ್ಲಿ ಹುಲ್ಲು ಮೊಳಕಾಲಿನವರೆಗೆ ಬಂದಿದೆ. ಲಿಸ್ಕಾ ಚೆನ್ನಾಗಿ ಹಾಲು ಕೊಟ್ಟಳು. ಪ್ರೋಕಿಪ್ ಬಂದ.